ಖಾಲಿ ದಡ

೨೦೧೭ರ ನನ್ನ ದಿನಚರಿಯಲ್ಲಿ, ಜನವರಿ ೨೨, ಭಾನುವಾರದ ಪುಟದಲ್ಲಿ ಈ ಕತೆ ಇದೆ. ಕೇಳಿದ್ದನ್ನು ಅಂದೇ ಬರೆದಿಡುವುದು ಬಿ.ಎ. ಓದುವಾಗಿನಿಂದ ನಾನು ಬಿಡದ ಪದ್ಧತಿ. ಆದ್ದರಿಂದ ಇದರಲ್ಲಿ ನಾನು ಆಮೇಲೆ ಸೇರಿಸಿದ್ದು ಏನೂ ಇಲ್ಲ. ಆಗ ನಮ್ಮ ಮನೆಯ ಮಹಡಿಯಲ್ಲಿ ತಿಮ್ಮಪ್ಪಯ್ಯ ಮೇಷ್ಟ್ರು ಭಾನುವಾರಗಳಂದು ಐದಾರು ಮಂದಿಗೆ ಛಾಯಾಗ್ರಹಣ ಕಲಿಸುತ್ತಿದ್ದರು. ಕಲಿಯುವವರಲ್ಲಿ ನನ್ನ ಮೊಮ್ಮಗಳು ಕೃತ್ತಿಕಾ ಒಬ್ಬಳು.

ಆ ದಿನ ಅವಳು ಕೇಳಿದಳು: "ಮೇಷ್ಟ್ರೇ, ಚಿತ್ರದಲ್ಲಿ ಕಣ್ಣಿಗೆ ಚುಚ್ಚುವುದನ್ನು ಕಂಪ್ಯೂಟರಿನಲ್ಲಿ ಅಳಿಸಿದರೆ ತಪ್ಪೇನು? ಜಾಗದಲ್ಲಿ ಅದು ಇದ್ದ ಹಾಗೇ ಇರುತ್ತದಲ್ಲ. ಯಾರಿಗೆ ನಷ್ಟ?"

ಮೇಷ್ಟ್ರು ತಪ್ಪು ಎನ್ನಲಿಲ್ಲ, ಸರಿ ಎಂದೂ ಹೇಳಲಿಲ್ಲ. ಈ ಕತೆ ಹೇಳಿದರು.

ಒಬ್ಬ ಛಾಯಾಗ್ರಾಹಕನಿದ್ದ. ಬೆಟ್ಟ, ಬಯಲು, ನೀರು ಇವಿಷ್ಟೇ ಅವನ ವಿಷಯ. ವರ್ಷದಲ್ಲಿ ಅರ್ಧ ಭಾಗ ತಿರುಗಾಟದಲ್ಲೇ ಕಳೆಯುತ್ತಿದ್ದ. ಅವನಿಗೆ ಬಹಳ ಇಷ್ಟವಾದ ಜಾಗ ಒಂದು ಅಣೆಕಟ್ಟಿನ ಹಿನ್ನೀರು. ಪ್ರತಿ ಚಳಿಗಾಲವೂ ಹದಿನೈದು ದಿನ ಅಲ್ಲಿಗೆ ಹೋಗುತ್ತಿದ್ದ. ಸೂರ್ಯ ಹುಟ್ಟುವ ಮೊದಲೇ ಮುಕ್ಕಾಲಿಯನ್ನು ಕೆಸರಿನಲ್ಲಿ ಊರಿ, ಮಂಜು ಏಳುವುದನ್ನು ಕಾಯುತ್ತಿದ್ದ.

ಆ ದಡದಲ್ಲಿ ಹನ್ನೊಂದು ಮೀನುಗಾರ ಕುಟುಂಬಗಳಿದ್ದವು. ಬೇರೆ ಜಿಲ್ಲೆಯವರು. ಮಳೆ ನಿಂತ ಮೇಲೆ ಬಂದು ನೀಲಿ ಟಾರ್ಪಾಲಿನ ಗುಡಾರ ಹಾಕುತ್ತಿದ್ದರು. ಹರಿಗೋಲಿನಲ್ಲಿ ಹೋಗಿ ಬಲೆ ಬಿಟ್ಟು, ಮುಂದಿನ ಮಳೆಯವರೆಗೆ ಅಲ್ಲೇ ಇರುತ್ತಿದ್ದರು.

ಮೊದಲ ವರ್ಷ ಛಾಯಾಗ್ರಾಹಕ ಅವರಲ್ಲಿ ಹಿರಿಯಳಾದ ಹೆಂಗಸನ್ನು ಕೇಳಿದ: "ಅಕ್ಕಾ, ಆ ಹರಿಗೋಲು ಸ್ವಲ್ಪ ಆಚೆಗೆ ಎಳೆಸುತ್ತೀರಾ? ಚಿತ್ರಕ್ಕೆ ಅಡ್ಡ ಬರುತ್ತದೆ."

ಅವಳು ಎಳೆಸಿದಳು. ಎಳೆಸುತ್ತಾ ನಕ್ಕಳು. "ಮೀನಿಗೂ ನಾವೇ ಅಡ್ಡ, ನಿಮಗೂ ನಾವೇ ಅಡ್ಡ. ಇರಲಿ, ಚಹಾ ಕುಡಿಯಿರಿ ಅಣ್ಣಾ."

ಅವನು ಸಕ್ಕರೆ ಹಾಕಿದ್ದನ್ನು ಕುಡಿಯುತ್ತಿರಲಿಲ್ಲ. ಮರುದಿನದಿಂದ ಅವಳು ಅವನ ಲೋಟವನ್ನು ಬೇರೆ ಇಟ್ಟಳು.

ಮೊದಲ ವರ್ಷ ಗುಡಾರಗಳು ಬೀಳದ ಕಡೆಗೇ ಕ್ಯಾಮರಾ ತಿರುಗಿಸಿದ್ದವನು ಎರಡನೆಯ ವರ್ಷಕ್ಕೆ ಹೊಸ ವಿದ್ಯೆಗಳನ್ನು ಕಲಿತಿದ್ದ. ಲೆನ್ಸಿನ ಮುಂದೆ ಕಪ್ಪು ಗಾಜು ಇಟ್ಟು ಎರಡು ನಿಮಿಷ ಬೆಳಕನ್ನು ಒಳಗೆ ಬಿಡುತ್ತಿದ್ದ. ಹಾಗೆ ಮಾಡಿದರೆ ಅಲೆಗಳು ನುಣ್ಣಗಾಗುತ್ತವೆ. ಅಷ್ಟು ಹೊತ್ತಿನಲ್ಲಿ ಚಲಿಸುವುದು ಯಾವುದೂ ಚಿತ್ರದಲ್ಲಿ ನಿಲ್ಲುವುದಿಲ್ಲ. ಹರಿಗೋಲಿನಲ್ಲಿ ಹೋಗುವವರು ಹೀಗೆ ಮಾಯವಾದರು. ಚಲಿಸದೆ ಉಳಿದದ್ದು ಗುಡಾರಗಳು. ಅವನ್ನು ಮನೆಗೆ ಬಂದು ಕಂಪ್ಯೂಟರಿನಲ್ಲಿ ಅಳಿಸಿದ. ಪಕ್ಕದ ಹುಲ್ಲನ್ನೇ ನಕಲು ಮಾಡಿ ಆ ಜಾಗದಲ್ಲಿ ತುಂಬಿದ. ಎಷ್ಟು ನಾಜೂಕಿನ ಕೆಲಸವೆಂದರೆ, ಅಳಿಸಿದವನಿಗೇ ಆಮೇಲೆ ಗುರುತು ಸಿಗುತ್ತಿರಲಿಲ್ಲ.

ಮುಂದಿನ ಚಳಿಗಾಲ ಅವನೇ ಹೆಮ್ಮೆಯಿಂದ ಹೇಳಿದ: "ಇನ್ನು ನೀವು ಏನನ್ನೂ ಸರಿಸುವುದು ಬೇಡ ಅಕ್ಕಾ. ಮನೆಯಲ್ಲಿರುವ ಯಂತ್ರವೇ ಎಲ್ಲ ಸರಿಸುತ್ತದೆ."

"ಅಷ್ಟು ಕೆಲಸ ಮಾಡುತ್ತದಾ? ಹಾಗಾದರೆ ನಾಳೆ ಕರೆದುಕೊಂಡು ಬನ್ನಿ, ಬಲೆ ಬಿಡಿಸಲಿ," ಎಂದಳು ಅವಳು. ಸುತ್ತ ಇದ್ದವರೆಲ್ಲ ನಕ್ಕರು. ಅವನೂ ನಕ್ಕ.

ಅವನದು ಒಂದು ನಿಯಮವಿತ್ತು. ತಿದ್ದಿ ಮುಗಿಸಿದ ಚಿತ್ರವನ್ನು ಮಾತ್ರ ಇಟ್ಟುಕೊಳ್ಳುತ್ತಿದ್ದ. ಕ್ಯಾಮರಾದಿಂದ ಬಂದ ಮೂಲವನ್ನು ಅಳಿಸಿಬಿಡುತ್ತಿದ್ದ. ಡಿಸ್ಕಿನಲ್ಲಿ ಜಾಗ ಸಾಲದು ಎನ್ನುವುದು ಒಂದು ಕಾರಣ. ಅರ್ಧ ಆದ ಕೆಲಸ ತನ್ನ ಹೆಸರಿನಲ್ಲಿ ಉಳಿಯಬಾರದು ಎನ್ನುವುದು ಇನ್ನೊಂದು. "ಅಡುಗೆಯಾದ ಮೇಲೆ ಸಿಪ್ಪೆ ಯಾರು ಇಟ್ಟುಕೊಳ್ಳುತ್ತಾರೆ?" ಎನ್ನುತ್ತಿದ್ದ.

ಹೀಗೆ ಒಂಬತ್ತು ಚಳಿಗಾಲ ಕಳೆಯಿತು. ಆ ದಡದ ಒಂದು ಚಿತ್ರ ಒಂದು ಇಲಾಖೆಯ ಕ್ಯಾಲೆಂಡರಿನಲ್ಲಿ ಅಚ್ಚಾಯಿತು. ನೀರು, ಮಂಜು, ಒಂದು ಒಣಮರ, ಹುಲ್ಲು. ಕೆಳಗೆ ಅವನ ಹೆಸರು.

ಒಂಬತ್ತನೆಯ ವರ್ಷದ ಕೊನೆಗೆ ದಡವನ್ನು ತೆರವು ಮಾಡಬೇಕೆಂದು ಆದೇಶ ಬಂತು. ಏಳು ವರ್ಷಕ್ಕಿಂತ ಹೆಚ್ಚು ಕಾಲ ಅಲ್ಲಿ ಮೀನು ಹಿಡಿದವರು ಅದನ್ನು ತೋರಿಸಿಕೊಟ್ಟರೆ ಇರಬಹುದು. ಇಲ್ಲದವರು ಮೂವತ್ತು ದಿನದಲ್ಲಿ ಹೋಗಬೇಕು. ಹನ್ನೊಂದು ಕುಟುಂಬಗಳ ಬಳಿ ಅಲ್ಲಿನ ಕಾಗದವೆಂಬುದು ಒಂದೂ ಇರಲಿಲ್ಲ. ಪಡಿತರ ಚೀಟಿ ಬೇರೆ ಜಿಲ್ಲೆಯದು. ಆಗ ಹಿರಿಯ ಹೆಂಗಸು ಹೇಳಿದಳು: "ಕಾಗದ ಇಲ್ಲದಿದ್ದರೇನು, ಫೋಟೋ ಅಣ್ಣ ಇದ್ದಾರಲ್ಲ."

ಕ್ಯಾಲೆಂಡರಿನಲ್ಲಿದ್ದ ಹೆಸರನ್ನು ಯಾರಿಂದಲೋ ಓದಿಸಿಕೊಂಡು, ಎರಡು ಬಸ್ಸು ಬದಲಿಸಿ ಅವನ ಮನೆಗೆ ಬಂದಳು. ಅವನಿಗೆ ಸಂತೋಷವಾಯಿತು. "ಒಂಬತ್ತು ವರ್ಷದ ಚಿತ್ರಗಳಿವೆ, ದಿನಾಂಕವೂ ಅದರಲ್ಲೇ ಇರುತ್ತದೆ. ಇದಕ್ಕಿಂತ ಬೇರೆ ಸಾಕ್ಷಿ ಬೇಕೇ?" ಎಂದು ಕಂಪ್ಯೂಟರಿನ ಮುಂದೆ ಕುರ್ಚಿ ಹಾಕಿಕೊಟ್ಟ.

ಒಂದೊಂದಾಗಿ ತೆರೆದ. ಅವಳು ಬಗ್ಗಿ ನೋಡಿದಳು.

"ಇದು ನಮ್ಮ ಒಲೆ ಇದ್ದ ಜಾಗ ಅಲ್ಲವಾ ಅಣ್ಣಾ?"

"ಹೌದು."

"ಒಲೆ ಎಲ್ಲಿ?"

ಅವನು ಇನ್ನೊಂದು ತೆರೆದ. ಮತ್ತೊಂದು ತೆರೆದ. ಒಂಬತ್ತು ವರ್ಷದಲ್ಲಿ ಎಲ್ಲಿಯೂ ಒಬ್ಬ ಮನುಷ್ಯನಿರಲಿಲ್ಲ. ಅವಳು ಸೆರಗಿನಿಂದ ಮುಖ ಒರೆಸಿಕೊಂಡು ಕಾದಳು.

ಸಂಜೆಯ ಹೊತ್ತಿಗೆ ಅವನಿಗೆ ಒಂದು ಚಿತ್ರ ಸಿಕ್ಕಿತು. ಎರಡನೆಯ ಚಳಿಗಾಲದ್ದು, ಕೈ ಇನ್ನೂ ಪಳಗದ ಕಾಲದ್ದು. ದಡದ ಮೇಲಿನ ಗುಡಾರವನ್ನು ಅಳಿಸಿದ್ದ. ನೀರಿನಲ್ಲಿ ಬಿದ್ದಿದ್ದ ಅದರ ನೀಲಿ ನೆರಳನ್ನು ಅಳಿಸಲು ಮರೆತಿದ್ದ. ಅವನು ಆ ಚಿತ್ರವನ್ನು ದೊಡ್ಡದಾಗಿ ಅಚ್ಚು ಹಾಕಿಸಿ, ಮರುದಿನ ಅವಳೊಂದಿಗೆ ಅಧಿಕಾರಿಯ ಕಚೇರಿಗೆ ಹೋದ.

ಅಧಿಕಾರಿ ಚಿತ್ರವನ್ನು ಬೆಳಕಿಗೆ ಹಿಡಿದು ನೋಡಿದರು. "ದಡದಲ್ಲಿ ಗುಡಾರ ಇಲ್ಲ. ನೀರಿನಲ್ಲಿ ಅದರ ನೆರಳಿದೆ. ನೀವು ತಿದ್ದಿದ್ದು ದಡವನ್ನೋ, ನೀರನ್ನೋ?"

"ದಡವನ್ನು, ಸಾರ್. ಚಿತ್ರ ಚೆನ್ನಾಗಿ ಕಾಣಲೆಂದು."

"ನೆನ್ನೆ ಕುಳಿತು ನೀರನ್ನು ತಿದ್ದಿದಿರಿ ಎಂದು ಯಾರಾದರೂ ಹೇಳಿದರೆ ನಾನು ಏನು ಉತ್ತರ ಕೊಡಲಿ?" ಎಂದು ಅವರು ಗೋಡೆಯ ಕಡೆ ತೋರಿಸಿದರು. ಅಲ್ಲಿ ಕ್ಯಾಲೆಂಡರ್ ಇತ್ತು. "ಅದೂ ನಿಮ್ಮದೇ. ದಡ ಖಾಲಿ ಎಂದು ನಮ್ಮ ವರದಿಗೆ ಅದನ್ನೇ ಲಗತ್ತಿಸಿದ್ದಾರೆ."



ಅಧಿಕಾರಿ ಕೆಟ್ಟವರಲ್ಲ. ಚಿತ್ರವನ್ನು ಮೇಜಿನ ಮೇಲಿಟ್ಟು ಹೇಳಿದರು: "ಚಿತ್ರ ಬಿಡಿ. ನಿಮ್ಮ ಹೇಳಿಕೆಯನ್ನೇ ಬರೆದುಕೊಳ್ಳುತ್ತೇನೆ. ನೀವು ಹೊರಗಿನವರು, ನಿಮಗೆ ಇದರಲ್ಲಿ ಲಾಭವಿಲ್ಲ. ನಿಮ್ಮ ಮಾತಿಗೆ ತೂಕವಿದೆ. ಇವರ ಅರ್ಜಿಯಲ್ಲಿ ಹನ್ನೊಂದು ಮನೆಯವರ ಹೆಸರಿದೆ. ಪಟ್ಟಿ ನೋಡದೆ ಎರಡು ಹೆಸರು ಹೇಳಿ. ಸಾಕು."

ಛಾಯಾಗ್ರಾಹಕ ಪಕ್ಕಕ್ಕೆ ತಿರುಗಿದ. ಅವಳು ಅವನ ಮುಖವನ್ನೇ ನೋಡುತ್ತಿದ್ದಳು. ಒಂಬತ್ತು ಚಳಿಗಾಲ ಅವಳ ಕೈಯಿಂದ ಚಹಾ ತೆಗೆದುಕೊಂಡಿದ್ದ. ಅವಳನ್ನು ಅಕ್ಕ ಎಂದಿದ್ದ. ಅಷ್ಟೇ.

ಅಧಿಕಾರಿ ಪೆನ್ನಿನ ಮುಚ್ಚಳ ತೆಗೆದು ಕಾದರು. ಬಹಳ ಹೊತ್ತು ಕಾದರು. ಕೊನೆಗೆ ಮುಚ್ಚಳ ಹಾಕಿದರು.

ಹೊರಗೆ ಬಂದ ಮೇಲೆ ಅವಳೇ ಅವನಿಗೆ ಸಮಾಧಾನ ಹೇಳಿದಳು: "ಹೋಗಲಿ ಬಿಡಿ ಅಣ್ಣಾ. ನಾವೂ ಹೆಸರು ಹೇಳಿರಲಿಲ್ಲ."

ಮೇಷ್ಟ್ರು ಕತೆ ನಿಲ್ಲಿಸಿದರು. ಕೃತ್ತಿಕಾ ಬೇಗನೆ ಹೇಳಿದಳು: "ಅರ್ಥವಾಯಿತು ಮೇಷ್ಟ್ರೇ. ಅಳಿಸುವ ತಂತ್ರವೇ ಅವನನ್ನು ಕೆಡಿಸಿತು. ಅದು ಇಲ್ಲದಿದ್ದರೆ ಆ ಜನ ಉಳಿಯುತ್ತಿದ್ದರು."

ಮೇಷ್ಟ್ರು ಹೇಳಿದರು: "ಹೆಸರುಗಳನ್ನು ಯಾವ ತಂತ್ರದಿಂದ ಅಳಿಸಿದ್ದ, ಮಗು?"

 

ಮೇಷ್ಟ್ರು ಮೆಟ್ಟಿಲಿಳಿದು ಹೊರಡುವಾಗ, ಕೊನೆಗೆ ಯಾರಿಗೆ ಏನಾಯಿತೆಂದು ನಾನು ಕೇಳಿ ಬರೆದುಕೊಂಡೆ. ಹನ್ನೊಂದು ಕುಟುಂಬಗಳು ಇಪ್ಪತ್ತೆಂಟನೆಯ ದಿನಕ್ಕೆ ದಡ ಬಿಟ್ಟವು. ಏಳು ಕುಟುಂಬಗಳು ಹರಿಗೋಲು ಮಾರಿ ಇಟ್ಟಿಗೆ ಗೂಡಿಗೆ ಕೆಲಸಕ್ಕೆ ಹೋದವು. ನಾಲ್ಕು ಕುಟುಂಬಗಳು ಎಲ್ಲಿಗೆ ಹೋದವೆಂದು ತಿಳಿಯಲಿಲ್ಲ. ಹತ್ತಿರದ ಊರಿನ ಶಾಲೆಗೆ ಹೋಗುತ್ತಿದ್ದ ಆರು ಮಕ್ಕಳು ಅರ್ಧ ವರ್ಷಕ್ಕೇ ಶಾಲೆ ಬಿಟ್ಟರು. ಛಾಯಾಗ್ರಾಹಕನಿಗೆ ಆದ ನಷ್ಟ ಒಂದು ದಿನದ ಪ್ರಯಾಣ.