ಇಲಾಖೆಯ ಹಾವು

ಪುರಸಭೆಯಲ್ಲಿ ಬೀದಿ ಗುಡಿಸುವ ದುರುಗವ್ವ ಮದುವೆಯಾದಾಗಿನಿಂದ ತಗಡಿನ ಬಾಡಿಗೆ ಮನೆಯಲ್ಲೇ ಇದ್ದಳು. ಪಕ್ಕದಲ್ಲಿ ಸರ್ಕಾರದ ಖಾಲಿ ಜಾಗ, ಎದೆಯೆತ್ತರ ಜಾಲಿ. ಬಡವರಿಗೆ ಮನೆ ಕಟ್ಟಲು ಅದನ್ನು ಪುರಸಭೆಗೆ ಕೊಡಬೇಕೆಂದು ಮೇಲಿನಿಂದ ಆದೇಶ ಬಂದು ವರ್ಷವಾಗಿತ್ತು. ಆ ಜಾಗ ಸೇರಿದ್ದ ಇಲಾಖೆಯ ಸಾಹೇಬರ ಸಹಿಯೊಂದೇ ಬಾಕಿ.

ಕೇಳಲು ಹೋದವಳಿಗೆ ಸಾಹೇಬರು ಗದರಿದರು. "ಅಲ್ಲಿನ ಹುಲ್ಲುಕಡ್ಡಿ, ಹುಳಹುಪ್ಪಟೆ ಎಲ್ಲಾ ನಮ್ಮ ಇಲಾಖೆದು. ನನ್ನನ್ನ ಕೇಳದೆ ಏನೂ ಮಾಡೋ ಹಾಗಿಲ್ಲ, ತಿಳೀತಾ?"

"ತಿಳೀತು ಸಾಹೇಬ್ರೆ."

ಮರುದಿನ ಅವಳು ಬಾಯಿಗೆ ಬಟ್ಟೆ ಬಿಗಿದ ಮಡಕೆಯೊಂದನ್ನು ತಂದು ಅವರ ಮೇಜಿನ ಮೇಲಿಟ್ಟಳು. "ನಿಮ್ಮ ಜಾಗದ ಕೇರೆಹಾವು ಸಾಹೇಬ್ರೆ. ನಮ್ಮನೆಗೆ ಬಂದಿತ್ತು. ಜೋಪಾನವಾಗಿ ತಂದಿದೀನಿ."

ಸಾಹೇಬರು ಕುರ್ಚಿ ಹತ್ತಿ ನಿಂತರು. "ಅಯ್ಯೋ, ಎಲ್ಲಾದ್ರೂ ಬಿಟ್ಟು ಬಾರಮ್ಮಾ!"

"ಇಲಾಖೆ ಹಾವು. ಎಲ್ಲೆಂದರಲ್ಲಿ ಬಿಟ್ಟರೆ ನೀವೇ ಬೈತೀರಿ."

"ನಮ್ಮದಲ್ಲ! ಪುರಸಭೆದು!"

"ಹಾವು ಮಾತ್ರನಾ, ಜಾಗಾನೂ ಸೇರಿನಾ?"

ಮಡಕೆಯ ಬಟ್ಟೆ ಅಲುಗಿತು. "ಜಾಗಾನೂ!" ಎಂದ ಸಾಹೇಬರು ಫೈಲು ತರಿಸಿ, ಕುರ್ಚಿಯ ಮೇಲಿಂದಲೇ ಸಹಿ ಹಾಕಿದರು. "ಇನ್ನಾದ್ರೂ ತಗೊಂಡು ಹೋಗು!"

"ಈಗಿದು ಪುರಸಭೆ ಹಾವಲ್ವಾ? ನಮ್ಮ ಮುಖ್ಯಾಧಿಕಾರಿಗಳು ಫೈಲು ನೋಡಿ ಹೂಂ ಅನ್ನದೆ ನಾನು ಹ್ಯಾಗೆ ಮುಟ್ಟಲಿ?" ಎಂದು ದುರುಗವ್ವ ಮೇಜಿನ ಮುಂದೆ ಚಕ್ಕಳಮಕ್ಕಳ ಹಾಕಿ ಕೂತಳು.

ಫೈಲನ್ನು ಎದೆಗವಚಿಕೊಂಡು ಸಾಹೇಬರೇ ಪುರಸಭೆಗೆ ಓಡಿದರು.

ಸಂಜೆ ಹಾವನ್ನು ಹಳ್ಳದಾಚೆ ಬಿಟ್ಟು ಬಂದ ದುರುಗವ್ವ, ಜಾಲಿ ಮುಳ್ಳು ಸರಿಸಿಕೊಂಡು ಆ ಜಾಗದ ನಡುವೆ ನಿಂತಳು. ಯಾವ ಮೂಲೆಗೆ ಒಲೆ ಹೂಡಿದರೆ ಹೊಗೆ ಮನೆಯೊಳಗೆ ನಿಲ್ಲದೆ ಹೋಗುತ್ತದೆ ಎಂದು ಗಾಳಿಗೆ ಮುಖವೊಡ್ಡಿ ನೋಡತೊಡಗಿದಳು.