ಜಂಬೋ ಕುಂಬಳಕಾಯಿ

ಆನೆಬಿಡಾರದ ಪಕ್ಕದ ಊರಲ್ಲಿ ಸಾಕವ್ವ ಅಂತ ಒಬ್ಬಳಿದ್ದಳಪ್ಪಾ. ಅವಳಿಗೊಬ್ಬ ಮಗ, ಜವರ. ಮೀಸೆ ಬಂದಿತ್ತು, ಬುದ್ಧಿ ಇನ್ನೂ ದಾರಿಯಲ್ಲಿತ್ತು. ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಿದ್ದ. ಅದೇ ಸಾಕವ್ವನ ತಲೆನೋವು.

ಲಕ್ವ ಹೊಡೆದು ಮಲಗಿದ್ದ ಸಾಕವ್ವನನ್ನು ಆಸ್ಪತ್ರೆಯ ಡಾಕ್ಟರಮ್ಮ ಮನೆಗೇ ಬಂದು ಬಂದು ನೋಡಿ, ಒಲೆ ಮುಂದೆ ನಿಲ್ಲುವ ಹಾಗೆ ಮಾಡಿದ್ದರು. ಈಗ ಅವರಿಗೆ ವರ್ಗವಾಗಿತ್ತು. ನಾಳೆ ಮಧ್ಯಾಹ್ನದ ಬಸ್ಸಿಗೆ ಹೊರಡುವವರು. ಹೊಸಿಲು ದಾಟಲಾರದ ಸಾಕವ್ವನಿಗೆ ಒಂದೇ ಆಸೆ, ಅವರ ಕೈಗೆ ಒಂದಿಷ್ಟು ಕುಂಬಳಕಾಯಿ ಹಲ್ವ ಇಡಬೇಕು.

"ಸಂತೇಲಿ ಜಂಬೋ ಸೈಜಿನ ಕುಂಬಳಕಾಯಿ ತತ್ತಾ ಮಗ" ಅಂದಳು.

ಜಂಬೋ ಅಂದರೇನು? ಜವರ ದಾರಿಯಲ್ಲಿ ಸಿಕ್ಕ ಮೇಷ್ಟ್ರನ್ನು ಕೇಳಿದ.

"ಭಾರೀ ದೊಡ್ಡದು ಅಂತ ಕಣಯ್ಯ. ಹಿಂದೆ ಲಂಡನ್ನಿನ ಮೃಗಾಲಯದಲ್ಲಿ ಜಂಬೋ ಅನ್ನೋ ಆನೆ ಇತ್ತು. ಮಕ್ಕಳನ್ನ ಬೆನ್ನ ಮೇಲೆ ಕೂರಿಸಿಕೊಂಡು ತಿರುಗೋದು. ಆಮೇಲೆ ಅಮೆರಿಕದ ಸರ್ಕಸ್ಸಿಗೆ ಹೋಯ್ತು. ಎಷ್ಟು ಹೆಸರಾಯ್ತು ಅಂದ್ರೆ, ದೊಡ್ಡದು ಏನು ಕಂಡ್ರೂ ಜನ ಅದರ ಹೆಸರೇ ಹೇಳೋಕೆ ಶುರು ಮಾಡಿದ್ರು. ಯಾವುದನ್ನಾದ್ರೂ ಜಂಬೋ ಅನ್ನೋ ಮೊದಲು ಆನೆ ಪಕ್ಕ ಇಟ್ಟು ನೋಡಬೇಕಯ್ಯ" ಅಂತ ಮೇಷ್ಟ್ರು ನಕ್ಕರು.

ಜವರ ಕಾಯಿ ಕೊಂಡವನೇ ಬಿಡಾರಕ್ಕೆ ಹೋಗಿ ಆನೆಯ ಪಕ್ಕ ಇಟ್ಟು ನೋಡಿದ. ಆನೆಯೂ ನೋಡಿತು. ಸೊಂಡಿಲು ಚಾಚಿತು, ಕಾಯಿ ಮಾಯ.

"ಆನೆ ಬಾಯಿಗೆ ಸಿಗೋ ಹಂಗೆ ಯಾರಾದ್ರೂ ಇಡ್ತಾರೇನ್ಲಾ ಪೆದ್ದೇ? ಹಿಂದ್ಗಡೆ ಇಡಬೇಕು" ಅಂತ ಸಾಕವ್ವ ಬೈದು ಮತ್ತೆ ಕಳಿಸಿದಳು.

ಎರಡನೆಯ ಕಾಯನ್ನು ಹಿಂದ್ಗಡೆಯೇ ಇಟ್ಟ. ಆನೆ ಒಂದು ಹೆಜ್ಜೆ ಹಿಂದಕ್ಕೆ ಬಂತು, ಕಾಯಿ ಚಟ್ನಿ.

"ನನ್ನ ಕರ್ಮ! ಕೈಯಲ್ಲಿ ಏನಿದ್ರೂ ಗಟ್ಟಿಯಾಗಿ ಹಿಡ್ಕೊಂಡು ಮನೆಗೆ ಓಡಿ ಬರಬೇಕು. ಯಾರು ಕೂಗಿದ್ರೂ ನಿಲ್ಲಬಾರದು, ತಿಳೀತಾ?"

"ತಿಳೀತು ಕಣವ್ವ."

ಮೂರನೆಯ ಕಾಯನ್ನು ಪಕ್ಕದ ಮನೆಯವರು ತಾವೇ ತಂದುಕೊಟ್ಟರು. ಸಾಕವ್ವ ನಡುಗುವ ಕೈಯಲ್ಲೇ ಹಲ್ವ ಕೆದಕಿ, ಮಾರನೆಯ ದಿನ ಡಬ್ಬಿ ತುಂಬಿ, ಡಾಕ್ಟರಮ್ಮನಿಗೆ ಕೊಟ್ಟು ಬಾ ಅಂತ ಜವರನನ್ನು ಬಸ್ ಸ್ಟ್ಯಾಂಡಿಗೆ ಅಟ್ಟಿದಳು.

ಬಸ್ಸಿನ ಹತ್ತಿರ ನಿಂತಿದ್ದ ಡಾಕ್ಟರಮ್ಮ ಅವನನ್ನು ಕಂಡು ಅಕ್ಕರೆಯಿಂದ "ಜವರಾ" ಅಂತ ಕೂಗಿದರು. ಕೂಗಿದ್ದೇ ತಡ, ಜವರ ಡಬ್ಬಿ ಅವುಚಿಕೊಂಡು ಮನೆ ಕಡೆ ಓಟ ಕಿತ್ತ. ಸಾಕವ್ವನಿಗೇನಾಯಿತೋ ಅಂತ ಡಾಕ್ಟರಮ್ಮ ಗಾಬರಿಬಿದ್ದು ನೆರಿಗೆ ಎತ್ತಿಕೊಂಡು ಹಿಂದೆಯೇ ಓಡಿದರು.

ಬಾಗಿಲಲ್ಲಿ ಅವರನ್ನು ಕಂಡ ಸಾಕವ್ವನಿಗೆ ಅಳು ಉಕ್ಕಿ ಬಂತು. "ಕಣ್ಣಾರೆ ಕಂಡು ಒಂದು ಮಾತು ಹೇಳಬೇಕು ಅಂತಿದ್ದೆ ಕಣ್ರವ್ವ. ನೀವಿಲ್ದಿದ್ರೆ ನಾನು ಮಣ್ಣಾಗಿರ್ತಿದ್ದೆ." ಮಗನ ಕಡೆ ತಿರುಗಿದಳು. "ನೋಡ್ತಾ ನಿಂತಿದ್ದೀಯಲ್ಲ, ಕಾಲು ಹಿಡ್ಕೊಳ್ಳೋ. ನನ್ನ ಜೀವ ಇರೋಗಂಟ ನಾವು ಈ ಕಾಲು ಬಿಡಬಾರದು."

ಜವರ ಎರಡೂ ಕೈಯಲ್ಲಿ ಹಿಡಿದುಕೊಂಡ. ದೂರದಲ್ಲಿ ಬಸ್ಸು ಹಾರ್ನ್ ಹೊಡೆಯಿತು. ಎಳೆದರು, ಬೈದರು, ಅವನು ಬಿಡಲಿಲ್ಲ. ಬಸ್ಸು ಹೊರಟೇಹೋಯಿತು.

ಡಾಕ್ಟರಮ್ಮ ನಗುತ್ತಾ ಜಗಲಿಯ ಮೇಲೆ ಕೂತು ಹಲ್ವ ಬಾಯಿಗಿಟ್ಟುಕೊಂಡರು. "ಇನ್ನಾದ್ರೂ ಬಿಡಪ್ಪ ಜವರ."

"ಹೆಂಗೆ ಬಿಡ್ಲಿ ಡಾಕ್ಟರಮ್ಮ? ಅವ್ವ ಇನ್ನೂ ಬದುಕವ್ಳೆ."