ಒತ್ತಿಲ್ಲದ ಹೆಸರು

“ಗುರುಗಳೇ, ಇಷ್ಟು ಸುಲಭ ಮಾಡಿಕೊಟ್ಟರೂ ಜನರಿಗೆ ಬರುವುದಿಲ್ಲ ಎಂದರೆ ತಪ್ಪು ಯಾರದು?” ಎಂದು ಶಿಷ್ಯ ಕೇಳಿದ.

ಶಿಷ್ಯನ ಹೆಸರು ಮುರಳೀಧರ. ಚಿಕ್ಕಂದಿನಲ್ಲಿ ಮಠದ ಶಾಲೆಯಲ್ಲಿ ಇದೇ ಗುರುಗಳ ಮುಂದೆ ಕುಳಿತು ಸ್ಲೇಟಿನ ಮೇಲೆ ಅಕ್ಷರ ತಿದ್ದಿದವನು. ಈಗ ಮುಟ್ಟಿದರೆ ಕೆಲಸ ಮಾಡುವ ಪರದೆಗಳಿಗೆ ಕನ್ನಡದ ಕೀಲಿಮಣೆ ರೂಪಿಸುವುದು ಅವನ ಉದ್ಯೋಗ. ಭಾನುವಾರ ಬೆಳಗ್ಗೆ ಸೈಕಲ್ ತುಳಿಯುವುದು ಅವನ ಖುಷಿ. ಅಂದೂ ಸೈಕಲ್ಲಿನಲ್ಲೇ ಬಂದಿದ್ದ. ಅದನ್ನು ಮಠದ ಗೋಡೆಗೆ ಒರಗಿಸಿ, ನಮಸ್ಕಾರ ಮಾಡಿ, ಬೆವರು ಆರುವ ಮೊದಲೇ ಈ ಪ್ರಶ್ನೆ ಕೇಳಿದ್ದ.

“ಯಾವ ಜನ?” ಎಂದರು ಗುರುಗಳು.

“ಎಲ್ಲರೂ. ಕಚೇರಿಗಳಲ್ಲಿ ನನ್ನ ಕೀಲಿಮಣೆ ಇಟ್ಟಿದ್ದಾರೆ. ದಿನ ಬೆಳಗಾದರೆ ದೂರು. ಕಳಿಸುವ ಮುನ್ನ ನಾನೇ ನೂರು ಸಲ ಬರೆದು ನೋಡಿದ್ದೇನೆ. ನನಗೆ ಬರುವುದು ಅವರಿಗೇಕೆ ಬರುವುದಿಲ್ಲ? ಇನ್ನು ಕೀಲಿಮಣೆಯನ್ನು ತಿದ್ದಿ ಫಲವಿಲ್ಲ, ಜನರನ್ನೇ ತಿದ್ದಬೇಕು. ಊರೂರಿನಲ್ಲಿ ತರಬೇತಿ ಕೊಡಿಸಿ ಎಂದು ಮೇಲಿನವರಿಗೆ ಬರೆಯಬೇಕೆಂದಿದ್ದೇನೆ. ತಮ್ಮನ್ನು ಒಂದು ಮಾತು ಕೇಳಿಕೊಂಡು ಹೋಗೋಣವೆಂದು ಬಂದೆ.”

ಗುರುಗಳಿಗೆ ಸಿಟ್ಟು ಬಂತು. ಅದನ್ನು ಅವರು ಮುಚ್ಚಿಡಲಿಲ್ಲ. “ಹಾಗಾದರೆ ಕೇಳು” ಎಂದು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಕೀಲಿಮಣೆಗಾರನಿದ್ದ. ನಿನ್ನ ಹಾಗೆಯೇ ಬುದ್ಧಿವಂತ. ನಿನ್ನ ಹಾಗೆಯೇ ಅವನಿಗೂ ಸೈಕಲ್ ಎಂದರೆ ಪ್ರಾಣ. ಈಗ ಬುದ್ಧಿವಂತರಿಗೆಲ್ಲ ಸೈಕಲ್ ಎಂದರೆ ಪ್ರಾಣ. ಬಸ್ಸಿಗೆ ಗತಿಯಿಲ್ಲದೆ ತುಳಿಯುವವರನ್ನು ಕೇಳಿದರೆ ಬೇರೆ ಮಾತು ಹೇಳುತ್ತಾರೆ. ಇರಲಿ.

ಊರಾಚೆ ಹೆದ್ದಾರಿಯ ಬದಿಯಲ್ಲಿ ಒಬ್ಬ ಹೆಂಗಸು ಸೈಕಲ್ ರಿಪೇರಿಯ ಅಂಗಡಿ ಇಟ್ಟಿದ್ದಳು. ಅಂಗಡಿ ಎಂದರೆ ನಾಲ್ಕು ಗೂಟದ ಮೇಲೆ ಒಂದು ತಗಡು, ಪಂಕ್ಚರ್ ನೋಡಲು ಒಂದು ನೀರಿನ ಬಾಣಲೆ, ಒಂದು ಪಂಪು. ಅವಳ ಹೆಸರು ಮುತ್ತಕ್ಕ. ಏಳನೆಯ ತರಗತಿಯವರೆಗೆ ಓದಿದ್ದಳು. ಅಂಗಡಿಯ ಬೋರ್ಡನ್ನು ತಾನೇ ಬಣ್ಣ ಕಲಸಿ ಬರೆದಿದ್ದಳು, ‘ಮುತ್ತಕ್ಕ ಸೈಕಲ್ ಶಾಪು’ ಎಂದು. ಹೆಸರಿನ ಎರಡು ಒತ್ತುಗಳೂ ದುಂಡಗೆ, ಇರಬೇಕಾದ ಜಾಗದಲ್ಲೇ ಇದ್ದವು.

ಕೀಲಿಮಣೆಗಾರ ಪ್ರತಿ ಭಾನುವಾರ ಅಲ್ಲಿ ನಿಲ್ಲುತ್ತಿದ್ದ. “ಮುತ್ತಕ್ಕಾ” ಎಂದು ಬಾಯಿ ತುಂಬ ಕರೆಯುತ್ತಿದ್ದ. ಒಂದು ಭಾನುವಾರ ಬ್ರೇಕಿನ ಹಿಡಿಯನ್ನು ಸರಿ ಮಾಡಿಸಿದ. ಕೈಯಿಟ್ಟು ನೋಡಿದ, ಒಪ್ಪಲಿಲ್ಲ. ಒಂದು ಕಡ್ಡಿಯಷ್ಟು ಒಳಕ್ಕೆ ಸರಿಸಿ ಎಂದ. ಸರಿಸಿದಳು. ಒಂದು ಎಳ್ಳಿನಷ್ಟು ಹೊರಕ್ಕೆ ಎಂದ. ಅದನ್ನೂ ಮಾಡಿದಳು. ಐದು ಸಲ ಬಿಚ್ಚಿ ಐದು ಸಲ ಬಿಗಿದಳು.

“ಇಷ್ಟೊಂದು ಯಾಕೆ ಸಾರ್?” ಎಂದು ಕೇಳಿದಳು.

“ಇಳಿಜಾರಿನಲ್ಲಿ ಬ್ರೇಕನ್ನ ಹುಡುಕ್ತಾ ಕೂರೋಕಾಗುತ್ತಾ ಮುತ್ತಕ್ಕ? ಬೆರಳು ಬಿದ್ದ ಕಡೆ ಅದು ಇರಬೇಕು.”

“ಅದೂ ನಿಜ” ಎಂದಳು. ಆ ಮಾತು ಅವಳಿಗೆ ನೆನಪಿನಲ್ಲಿ ಉಳಿಯಿತು. ಹೇಳಿದವನು ಸೋಮವಾರದ ಹೊತ್ತಿಗೆ ಮರೆತಿದ್ದ.

ಸೋಮವಾರ ಅವನು ನಗರಸಭೆಗೆ ಬೇಕಾದ ಕೀಲಿಮಣೆಯ ಮುಂದೆ ಕುಳಿತ. ಜನರು ತಮ್ಮ ಅರ್ಜಿಗಳನ್ನು ತಾವೇ ಪರದೆಯ ಮೇಲೆ ಬರೆಯಲೆಂದು ನಗರಸಭೆ ಅದನ್ನು ಮಾಡಿಸುತ್ತಿತ್ತು. ಗುಂಡಿಗಳು ಹೆಚ್ಚಾಗಿ ಪರದೆ ಕಿಕ್ಕಿರಿದಂತೆ ಅವನಿಗೆ ಕಂಡಿತು. ಯಾವುದನ್ನು ತೆಗೆಯಲಿ ಎಂದು ನೋಡಿದ. ಒತ್ತು ಕೊಡುವ ಗುಂಡಿ ಕಣ್ಣಿಗೆ ಬಿತ್ತು. ಅದನ್ನು ಎತ್ತಿ ಅಲ್ಪವಿರಾಮದ ಗುಂಡಿಯ ಹಿಂದೆ ಬಚ್ಚಿಟ್ಟ. ಅಲ್ಪವಿರಾಮವನ್ನು ಮೂರು ಎಣಿಸುವಷ್ಟು ಹೊತ್ತು ಒತ್ತಿ ಹಿಡಿದರೆ ಮಾತ್ರ ಅದು ಹೊರಗೆ ಬರುತ್ತಿತ್ತು. ಪರದೆಯ ಅಡಿಯಲ್ಲಿ ಸಣ್ಣ ಅಕ್ಷರದಲ್ಲಿ ಒಂದು ಸಾಲು ಬರೆದ: ‘ಒತ್ತಿಗೆ ಒತ್ತಿ ಹಿಡಿಯಿರಿ.’ ಯಾವುದನ್ನು ಹಿಡಿಯಬೇಕು ಎಂದು ಬರೆಯಲಿಲ್ಲ. ಬರೆದರೆ ಸಾಲು ಉದ್ದವಾಗುತ್ತದೆ, ಅಂದ ಕೆಡುತ್ತದೆ. ಒತ್ತು ಎದ್ದು ಹೋದ ಜಾಗದಲ್ಲಿ ನಗುವ ಮುಖದ ಚಿತ್ರವೊಂದನ್ನು ಕೂರಿಸಿದ. ನಾಲ್ಕು ಜನರಿಗೆ ತೋರಿಸಿದ. ಚೆನ್ನಾಗಿದೆ ಎಂದರು. ಅವರೂ ಅವನಂಥವರೇ.

ಒತ್ತನ್ನು ಬಚ್ಚಿಟ್ಟನಂತೆ, ಅದೂ ಕನ್ನಡದಲ್ಲಿ. ಒತ್ತಿಲ್ಲದೆ ಅಪ್ಪನನ್ನು ಕರೆಯಲಾಗದು, ಅಮ್ಮನನ್ನು ಕರೆಯಲಾಗದು. ಅಕ್ಕ ಇಲ್ಲ, ಅಣ್ಣ ಇಲ್ಲ, ಅಜ್ಜಿ ಇಲ್ಲ. ಅಕ್ಕಿ ಇಲ್ಲ, ಉಪ್ಪು ಇಲ್ಲ, ಅನ್ನವೇ ಇಲ್ಲ. ಕನ್ನಡ ಎಂದು ಬರೆಯುವುದಕ್ಕೂ ಒಂದು ಒತ್ತು ಬೇಕು. ಇದು ಒಂದನೆಯ ತರಗತಿಯ ಮಗುವಿಗೆ ಗೊತ್ತು. ಅವನಿಗೆ ಗೊತ್ತಿರಲಿಲ್ಲ ಎಂದು ನಾನು ಹೇಳುವುದಿಲ್ಲ. ಗೊತ್ತಿತ್ತು. ಅದು ಅವನಿಗೆ ಬೇಕಾಗಿರಲಿಲ್ಲ, ಅಷ್ಟೇ.

ಇಲ್ಲಿ ಗುರುಗಳು ಮಾತು ನಿಲ್ಲಿಸಿ ನೀರು ಕುಡಿದರು. ಲೋಟವನ್ನು ತುಸು ಜೋರಾಗಿಯೇ ಕೆಳಗಿಟ್ಟರು. ಶಿಷ್ಯ “ಆಮೇಲೆ?” ಎಂದ.

ಆಮೇಲೆ ಹೆದ್ದಾರಿಯನ್ನು ಅಗಲ ಮಾಡುವ ಕೆಲಸ ಬಂತು. ಬದಿಯ ಅಂಗಡಿಗಳನ್ನೆಲ್ಲ ತೆಗೆಯಬೇಕು ಎಂದರು. ತೆಗೆದವರಿಗೆ ಬಸ್ ನಿಲ್ದಾಣದ ಹಿಂದೆ ಒಂದೊಂದು ಮಳಿಗೆ ಕೊಡುತ್ತೇವೆ, ಅರ್ಜಿ ಹಾಕಿ ಎಂದರು. ಅರ್ಜಿಯಲ್ಲಿ ಹೆಸರು ರೇಷನ್ ಕಾರ್ಡಿನಲ್ಲಿ ಇದ್ದ ಹಾಗೆಯೇ ಇರಬೇಕು. ಒಂದು ಅಕ್ಷರ ತಪ್ಪಿದರೂ ಅರ್ಜಿ ಬೀಳುತ್ತದೆ. ಮುತ್ತಕ್ಕನಿಗೆ ಇದ್ದದ್ದು ಅದೊಂದೇ ಅಂಗಡಿ, ಬಲ್ಲದ್ದು ಅದೊಂದೇ ಕೆಲಸ. ಅವಳು ಎರಡು ದಿನ ಸಾಲಿನಲ್ಲಿ ನಿಂತಳು. ಮೂರನೆಯ ದಿನ ಪರದೆಯ ಮುಂದೆ ಬಂದಳು. ಅದೇ ಕಡೆಯ ದಿನ.

‘ಮು’ ಬರೆದಳು. ‘ತ’ ಬರೆದಳು. ಒತ್ತನ್ನು ಹುಡುಕಿದಳು. ಕಾಣಲಿಲ್ಲ. ನಗುವ ಮುಖ ಕಂಡಿತು. ಅಡಿಯಲ್ಲಿದ್ದ ಸಾಲನ್ನು ಓದಿದಳು, ಓದಿದಂತೆಯೇ ಮಾಡಿದಳು. ಒತ್ತು ಬೇಕಾದದ್ದು ‘ತ’ ಅಕ್ಷರಕ್ಕೆ, ಆದ್ದರಿಂದ ‘ತ’ ಗುಂಡಿಯನ್ನೇ ಒತ್ತಿ ಹಿಡಿದಳು. ನೀನಾಗಿದ್ದರೂ ಅದನ್ನೇ ಮಾಡುತ್ತಿದ್ದೆ, ನಾನಾಗಿದ್ದರೂ ಅದನ್ನೇ ಮಾಡುತ್ತಿದ್ದೆ. ಪರದೆಯ ಮೇಲೆ ‘ಮುತತತತತ’ ಎಂದು ಬಂತು. ‘ಕ’ ಗುಂಡಿಯನ್ನು ಹಿಡಿದಳು. ‘ಕಕಕಕಕ’ ಎಂದು ಬಂತು.

ಸಾಲಿನಲ್ಲಿದ್ದವರು ನಕ್ಕರು. “ಏನಮ್ಮಾ, ಮಳಿಗೆ ನಿಂಗೋ ನಿನ್ನ ಕೋಳಿಗೋ?” ಎಂದು ಗುಮಾಸ್ತ ಕೇಳಿದ. ಮತ್ತೂ ನಕ್ಕರು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಅವಳು ತಲೆ ಎತ್ತದೆ ಹೆಚ್ಚಿನ ಅಕ್ಷರಗಳನ್ನು ಒಂದೊಂದಾಗಿ ಅಳಿಸಿದಳು. ಹಿಂದಿನವರು ಬೇಗ ಬೇಗ ಎಂದರು. ಕಡೆಗೆ ಉಳಿದದ್ದು ಮೂರು ಅಕ್ಷರ, ಮುತಕ. ಅದನ್ನೇ ಕಳಿಸಿ ಹೊರಬಂದಳು. ಒತ್ತನ್ನು ಕಚೇರಿಯವರು ಹಾಕಿಕೊಳ್ಳುತ್ತಾರೆ ಎಂದು ನಂಬಿದಳು. ಕಾಗದದ ಕಾಲದಲ್ಲಿ ಹಾಗೆ ಹಾಕಿಕೊಳ್ಳುವ ಒಬ್ಬ ಮನುಷ್ಯ ಇರುತ್ತಿದ್ದ.

ಈಗ ಯಾರೂ ಹಾಕಿಕೊಳ್ಳಲಿಲ್ಲ. ಮುತಕ ಎಂಬ ಹೆಸರಿನವರು ಪಟ್ಟಿಯಲ್ಲಿ ಇಲ್ಲವೆಂದು ಅರ್ಜಿ ಬಿತ್ತು. ನಿಜವೇ. ಆ ಹೆಸರಿನವರು ಭೂಮಿಯ ಮೇಲೇ ಇಲ್ಲ. ಅವಳ ಜೊತೆಗೆ ಚಪ್ಪಲಿ ಹೊಲಿಯುವ ಸಿದ್ದಪ್ಪ ಸಿದಪನಾಗಿ ಬಿದ್ದ, ಎಳನೀರು ಮಾರುವ ಪುಟ್ಟಮ್ಮ ಪುಟಮಳಾಗಿ ಬಿದ್ದಳು. ಮುತ್ತಕ್ಕನ ಪಾಲಿನ ಮಳಿಗೆ ಮೊಬೈಲ್ ಕವರು ಮಾರುವವನೊಬ್ಬನಿಗೆ ಹೋಯಿತು. ಅವನ ಹೆಸರು ರವಿ. ಅವನಿಗೆ ಪರದೆಯ ಮುಂದೆ ಅರ್ಧ ನಿಮಿಷವೂ ಹಿಡಿಯಲಿಲ್ಲ.

ಮುಂದಿನ ಭಾನುವಾರ ಕೀಲಿಮಣೆಗಾರ ಎಂದಿನಂತೆ ಬಂದ. ತಗಡು ಇಳಿದಿತ್ತು. ಮುತ್ತಕ್ಕ ಗೂಟಗಳನ್ನು ಕೀಳುತ್ತಿದ್ದಳು. ಬ್ರೇಕು ಸಡಿಲವಾಗಿದೆ, ನೋಡಿ ಎಂದ. ಅವಳು ಗೂಟವನ್ನು ಬಿಟ್ಟು ಸ್ಪ್ಯಾನರ್ ಹಿಡಿದಳು. ಬ್ರೇಕು ಬಿಗಿ ಮಾಡುತ್ತಲೇ ನಡೆದದ್ದನ್ನು ಹೇಳಿದಳು, ಅರ್ಜಿ ಬಿದ್ದಿದೆಯೆಂದು ಕಚೇರಿಯವರು ಕೊಟ್ಟ ಚೀಟಿಯನ್ನು ಸೆರಗಿನಿಂದ ತೆಗೆದು ತೋರಿಸಿದಳು. ಅವನು ಓದಿ ನಕ್ಕ. ಕೆಟ್ಟ ನಗೆಯೇನಲ್ಲ. ತನ್ನ ಮಗುವಿನ ಚೇಷ್ಟೆಯನ್ನು ಬೇರೆಯವರು ಹೇಳಿದಾಗ ತಂದೆ ನಗುತ್ತಾನಲ್ಲ, ಅಂಥ ನಗೆ.

“ಅಯ್ಯೋ, ಅದು ನಾನೇ ಮಾಡಿದ್ದು ಮುತ್ತಕ್ಕ. ಬಹಳ ಸುಲಭ. ಅಲ್ಪವಿರಾಮ ಒತ್ತಿ ಹಿಡಿದ್ರೆ ಒತ್ತು ಬರುತ್ತೆ. ಕೆಳಗೆ ಬರೆದೂ ಇದೆ. ನೀವು ಸರಿಯಾಗಿ ಓದಿಲ್ಲ.”

ಮುತ್ತಕ್ಕ ಸ್ಪ್ಯಾನರನ್ನು ಕೆಳಗಿಟ್ಟಳು.

“ಓದಿದೆ ಸಾರ್. ಬರೆದಿದ್ದ ಹಾಗೇ ಮಾಡಿದೆ. ಈಗ ನಾನು ನಿಮ್ಮ ಬ್ರೇಕನ್ನ ಬಿಚ್ಚಿ ಸೀಟಿನ ಅಡೀಗೆ ಕಟ್ತೀನಿ. ಹ್ಯಾಂಡಲ್ ಮೇಲೆ ಚಂದ ಕಾಣ್ಲಿ ಅಂತ ಒಂದು ಪ್ಲಾಸ್ಟಿಕ್ ಹೂವು ಸಿಗಿಸ್ತೀನಿ. ‘ನಿಲ್ಲೋಕೆ ಹಿಡಿಯಿರಿ’ ಅಂತ ಒಂದು ಚೀಟಿ ಅಂಟಿಸ್ತೀನಿ. ನೀವು ಹೋಗಿ ಆ ಇಳಿಜಾರು ಇಳೀರಿ. ಬಿದ್ರೆ, ನೀವು ಸರಿಯಾಗಿ ಓದಿಲ್ಲ ಅಂತ ನಾನೂ ಅಂತೀನಿ.”

ಅವಳು ಮತ್ತೆ ಸ್ಪ್ಯಾನರ್ ಎತ್ತಿಕೊಂಡು ಕೆಲಸ ಮುಗಿಸಿದಳು. ಅವನು ಸೈಕಲ್ ಹತ್ತಿ ಇಳಿಜಾರಿಗೆ ಬಂದ. ಅರ್ಧ ಇಳಿಯುವಾಗ ಒಂದು ಎಮ್ಮೆ ಅಡ್ಡ ಬಂತು. ಅವನು ನೋಡದೆಯೇ ಬೆರಳು ಮಡಿಸಿದ. ಬ್ರೇಕು ಅಲ್ಲೇ ಇತ್ತು. ಅಷ್ಟು ಸಿಟ್ಟಿನಲ್ಲೂ ಆ ಹೆಂಗಸು ಅದನ್ನು ಅವನ ಬೆರಳು ಬೀಳುವ ಕಡೆಯೇ ಇಟ್ಟಿದ್ದಳು. ಎಮ್ಮೆ ಉಳಿಯಿತು, ಅವನೂ ಉಳಿದ.

ಉಳಿದವನು ಸೋಮವಾರ ಕಚೇರಿಗೆ ಹೋಗಿ ಏನು ಮಾಡಬೇಕಾಗಿತ್ತು? ಒತ್ತನ್ನು ತಂದು ಕಣ್ಣೆದುರಿಗೆ ಇಡಬೇಕಾಗಿತ್ತು. ಬಿದ್ದ ಅರ್ಜಿಗಳನ್ನು ಎತ್ತಿಸಬೇಕಾಗಿತ್ತು. ಅವನು ಮೇಲಿನವರಿಗೆ ಒಂದು ಕಾಗದ ಬರೆದ: ‘ಜನರಿಗೆ ತರಬೇತಿಯ ಅಗತ್ಯವಿದೆ.’ ಕುಣಿಯಲಾರದವಳು ನೆಲ ಡೊಂಕು ಎಂದಳಂತೆ, ಅದು ಹಳೆಯ ಗಾದೆ. ಇವನು ನೆಲವನ್ನು ತಾನೇ ಡೊಂಕು ಮಾಡಿ, ಇವರಿಗೆ ಕುಣಿಯಲು ಬರುವುದಿಲ್ಲ ಎಂದು ಬರೆದ.

ಮುತ್ತಕ್ಕ ಈಗ ಪಂಪನ್ನೂ ಬಾಣಲೆಯನ್ನೂ ಹೊತ್ತುಕೊಂಡು ಊರಿಂದೂರಿಗೆ ಅಲೆಯುತ್ತಾಳೆ. ಅವಳ ಬೋರ್ಡು ಅವಳ ಜೊತೆಯಲ್ಲೇ ಇದೆ. ಕೂತ ಕಡೆ ಅದನ್ನು ಒಂದು ಕಲ್ಲಿಗೆ ಒರಗಿಸುತ್ತಾಳೆ. ಎರಡು ಒತ್ತುಗಳೂ ಇನ್ನೂ ಅಲ್ಲೇ ಇವೆ.

ಕತೆ ಮುಗಿಯಿತು. ಶಿಷ್ಯನ ಮುಖ ಕೆಂಪಾಗಿತ್ತು. ಅವನು ಗೋಡೆಗೆ ಒರಗಿದ್ದ ತನ್ನ ಸೈಕಲ್ಲಿನ ಕಡೆಗೆ ನೋಡಿದ, ಮತ್ತೆ ಗುರುಗಳ ಕಡೆಗೆ ನೋಡಿದ.

“ಅವನು ಮಾಡಿದ್ದು ಅನ್ಯಾಯ, ಒಪ್ಪುತ್ತೇನೆ. ಆದರೆ ನಾನು ಅವನಂತಲ್ಲ ಗುರುಗಳೇ. ಒತ್ತನ್ನು ನಾನು ಬಚ್ಚಿಟ್ಟಿಲ್ಲ, ಕೀಲಿಮಣೆಯ ಎರಡನೆಯ ಪುಟದಲ್ಲಿ ಇಟ್ಟಿದ್ದೇನೆ. ಕಳಿಸುವ ಮುನ್ನ ನೂರು ಸಲ ಬರೆದು ನೋಡಿದ್ದೇನೆ. ಒಂದು ಸಲವೂ ತಡೆಯಲಿಲ್ಲ. ಒಂದು ಸಲವೂ ಎರಡನೆಯ ಪುಟಕ್ಕೆ ಹೋಗಬೇಕಾಗಲಿಲ್ಲ.”

“ನೂರು ಸಲ ಏನನ್ನು ಬರೆದೆ?”

“ನನ್ನ ಹೆಸರನ್ನು.”

ಗುರುಗಳು ಪಕ್ಕದಲ್ಲಿದ್ದ ಸ್ಲೇಟನ್ನೂ ಬಳಪವನ್ನೂ ಅವನ ಮುಂದಕ್ಕೆ ತಳ್ಳಿದರು.

“ಮುರಳೀಧರ, ನಿನ್ನ ಹೆಸರಿನಲ್ಲಿ ಒತ್ತು ಎಲ್ಲಿದೆ, ತೋರಿಸು.”